ಯಲಿಯೂರು ದಾಟುವವರೆಗೆ

ಗುತ್ತಲು ರಸ್ತೆಯ ನನ್ನ ಅಂಗಡಿಯಲ್ಲಿ
ರಾತ್ರಿ ಎಂಟರ ಮೇಲೆ
ಬಟ್ಟೆಗಿಂತ ಹೆಚ್ಚು ರೈಲನ್ನೇ ತುಳಿಯುತ್ತೇನೆ.

ಆಸ್ಪತ್ರೆಯ ಪಾಳಿ ಮುಗಿಸಿ
ಸುಂದ್ರಮಣಿ ಮೈಸೂರಲ್ಲಿ ಹತ್ತಿರುತ್ತಾಳೆ.
ನಾಗನಹಳ್ಳಿ. ತುಳಿ.
ಶ್ರೀರಂಗಪಟ್ಟಣದ ಸೇತುವೆ, ಇಲ್ಲಿ ಜಾಸ್ತಿ ತುಳಿ,
ಕೆಳಗೆ ನೀರಿದೆ.
ಪಾಂಡವಪುರ, ಬ್ಯಾಡರಹಳ್ಳಿ.
ನಾನು ಹೆದರದಿದ್ದರೆ ಆ ಹಳಿಗೆ ಯಾರು ದಿಕ್ಕು?

ಹನ್ನೊಂದು ವರ್ಷ. ಒಂದೂ ಅಪಘಾತವಿಲ್ಲ.
ಲೆಕ್ಕ ಸರಿಯಾಗಿದೆ.

ಎದೆ ಡವಡವ ಅಂದಾಗ ಮಾತ್ರ ಇನ್ನೊಂದು ದಿಗಿಲು:
ಹೀಗೆ ಯೋಚಿಸಿ ಯೋಚಿಸಿ ತಲೆ ಕೆಟ್ಟರೆ?
ಬಿಟ್ಟರೆ ಅವಳಿಗೆ,
ಹಿಡಿದರೆ ನನಗೆ.

ಮೊನ್ನೆ ಸೋಮವಾರ
ಯಾರದೋ ಮದುವೆಯ ರವಿಕೆಗಳ ರಾಶಿ,
ಬಾಬಿನ್ನಿಗೆ ನೂಲು ಸುತ್ತುತ್ತಲೇ ಜೊಂಪು ಹತ್ತಿತು.
ಕಣ್ಣು ಬಿಟ್ಟರೆ ಎದುರಿಗೆ ಅವಳು,
ಕೈಯಲ್ಲಿ ಖಾಲಿ ಡಬ್ಬಿ:
'ಬಾಗ್ಲು ಹಾಕಾಕಿಲ್ವಾ? ಒಂಬತ್ತೂ ಕಾಲಾಯ್ತು.'

ಯಾರೂ ತುಳಿಯದ ರೈಲು
ಯಲಿಯೂರು ದಾಟಿ ಬಂದಿತ್ತು.

ಖುಷಿಪಡಬೇಕಿತ್ತು. ಪಡಲಿಲ್ಲ.
ಭಾನುವಾರದ ಚಿಂತೆ ಒಂಚೂರು ಮಿಕ್ಕಿತ್ತಲ್ಲ,
ಅದೇ ನೂಕಿರಬೇಕು
ಎಂದುಕೊಂಡು ಬೀಗ ಹಾಕಿದೆ.

ಇವತ್ತು, ಇಗೋ, ನಾಗನಹಳ್ಳಿ.
ಕಾಲು ಮೆಟ್ಟಿನ ಮೇಲೆ ಸುಮ್ಮನಿದೆ.
ಸೂಜಿಗೆ ದಾರ ಪೋಣಿಸುತ್ತಿದ್ದೇನೆ, ಕೈ ನಡುಗಿ
ಎರಡು ಸಲ ತಪ್ಪಿತು.
ಸೇತುವೆ ಬರಲಿ, ನೋಡೋಣ.