ಮೊದಲು ಕತ್ತರಿ

ಆಷಾಢದ ಬೈತಖೋಲದಲ್ಲಿ ದೋಣಿಗಳಿಗೆ ರಜೆ.
ನನಗಿಲ್ಲ.
ಟ್ರಾಲರುಗಳ ಸೊಂಟಕ್ಕೆ ಕಟ್ಟಿದ ಹಳೇ ಟಯರುಗಳೊಳಗೆ
ಮಳೆ ತನ್ನ ಪಾಲು ಇಟ್ಟುಹೋಗಿದೆ.
ಬಗ್ಗಿ, ಬಿಳಿ ಸೌಟಿನಲ್ಲಿ ಮೊಗೆದು,
ತಲೆಕೆಳಗಾಗಿ ಉಸಿರಾಡುವ ಮರಿಗಳನ್ನು ಎಣಿಸುತ್ತೇನೆ:
ಹದಿನೇಳು, ಹದಿನೆಂಟು,
ಒಂದು ಮುಳುಗಿತು, ಮತ್ತೆ ಹದಿನೇಳು.
ಸರ್ಕಾರದ ಪಟ್ಟಿಯಲ್ಲಿ ನಾನು ಕೀಟ ಸಂಗ್ರಾಹಕಿ.
ಬಂದರಿನ ಮಕ್ಕಳ ಪಟ್ಟಿಯಲ್ಲಿ ಸೊಳ್ಳೆಬಾಯಿ.

ಸೋಮಾ ಬಾನಾವಳಿ ತಾಡಪತ್ರಿಯ ಕೆಳಗೆ
ಕಾಲ್ಬೆರಳಿಗೆ ಬಲೆ ಸಿಕ್ಕಿಸಿ ಕೂತಿದ್ದಾನೆ.
ಸೂಜಿ ಇನ್ನೂ ಕಿವಿಯ ಮೇಲೇ; ಕೈಯಲ್ಲಿ ಕತ್ತರಿ.
ಅಂಗೈಯಗಲ ಹರಿದದ್ದನ್ನು ಮೊಳದಗಲ ಮಾಡುತ್ತಾನೆ.
"ಇದೇನು ಮಾಮಾ, ಹರಿದದ್ದನ್ನೇ ಹರಿಯುತ್ತೀಯಲ್ಲ?"
"ಜೀವ ಹೋದ ಕಣ್ಣಿಗೆ ಗಂಟು ನಿಲ್ಲೂದಿಲ್ಲ ತಂಗಿ.
ಅದನ್ನ ಉಳಸೂಕೆ ಹೋದ್ರೆ
ಪಕ್ಕದ ಕಣ್ಣೂ ಹೋಗ್ತದೆ."

ಅವನ ಮೊಮ್ಮಗಳು ರೂಪಾಲಿ
ದೊಡ್ಡಾಸ್ಪತ್ರೆಯ ನಾಲ್ಕನೇ ಮಂಚದಲ್ಲಿ.
ಪ್ಲೇಟ್‌ಲೆಟ್ ನಿನ್ನೆ ನಲವತ್ತೊಂದು ಸಾವಿರ, ಇವತ್ತು ಇಪ್ಪತ್ತೊಂಬತ್ತು.
ಅವನು ಕೇಳುವುದಿಲ್ಲ. ನಾನು ಹೇಳುವುದಿಲ್ಲ.
ಕತ್ತರಿಯೊಂದೇ ಮಾತಾಡುತ್ತದೆ, ಕಚ್, ಕಚ್.

ರಾತ್ರಿ, ಕೋಡಿಬಾಗದ ಬಾಡಿಗೆ ಕೋಣೆಯಲ್ಲಿ,
ತರಬೇತಿಯಲ್ಲಿ ಕೊಟ್ಟ ಕಡತ ತೆರೆದೆ.
ಸೊಳ್ಳೆಯ ನಡುಗರುಳು:
ಒಂದೇ ಕೋಶದ ದಪ್ಪ ಇರುವ ಗೋಡೆ.
ನೆತ್ತರ ಗುಟುಕಿನ ಜತೆ ವೈರಸ್ ಒಳಬಂದಾಗ
ಅದು ಹೊಕ್ಕ ಕೋಶ, ಕೆಲವು ಸೊಳ್ಳೆಗಳಲ್ಲಿ,
ಹೊತ್ತು ಕಳೆಯುವುದಿಲ್ಲ.
ತನ್ನ ವಂಶದ ನೂಲನ್ನು ತಾನೇ ತುಂಡರಿಸಿ,
ಮುದುಡಿ, ಗುಳ್ಳೆಗುಳ್ಳೆಯಾಗಿ,
ಗೋಡೆಯಿಂದ ಕಳಚಿ ಬೀಳುತ್ತದೆ
ಬಂದ ಅತಿಥಿಯ ಸಮೇತ.
ವೈರಸ್ಸಿಗೆ ನಕಲು ತೆಗೆಯಲು ಪುರಸೊತ್ತಿಲ್ಲ.
ಗೋಡೆ ದಾಟಿ ಎಂಜಲಿನವರೆಗೆ ಅದು ಹೋಗುವುದಿಲ್ಲ,
ಎಂಜಲಿನಿಂದ ಯಾವುದೋ ಹುಡುಗಿಯ ಮೀನಖಂಡದವರೆಗೂ.

ಇದಕ್ಕೆ ತ್ಯಾಗ ಅನ್ನಬೇಡ, ಎಂದು ನನಗೇ ಹೇಳಿಕೊಂಡೆ.
ಕೋಶಕ್ಕೆ ರೂಪಾಲಿ ಗೊತ್ತಿಲ್ಲ. ಸೊಳ್ಳೆಯೂ ಗೊತ್ತಿಲ್ಲ.
ಹಾರ ಹಾಕಲು ಅದಕ್ಕೆ ಕೊರಳಿಲ್ಲ.
ಸಾವು ಹುಟ್ಟಿದಾಗಿಂದ ಒಳಗೇ ಕೂತಿತ್ತು,
ಬಾಗಿಲಿಗೊಂದು ಅಗುಳಿ ಹಾಕಿತ್ತು.
ಅಗುಳಿ ಸರಿಯಿತು. ಅಷ್ಟೇ.

ನಿದ್ದೆ ಕೆಡಿಸಿದ್ದು ಕೊನೆಯ ಪುಟ.
ಬೇಗ ಬಂದರೆ ಕಾಯುವ ಸಾವು
ತಡವಾಗಿ ಬಂದರೆ, ಎಲ್ಲೆಂದರಲ್ಲಿ ಬಂದರೆ,
ಗೋಡೆಯಲ್ಲಿ ಕಿಂಡಿ.
ಆ ಕಿಂಡಿಯಲ್ಲೇ ವೈರಸ್ ನುಸುಳುವುದೆಂಬ ಗುಮಾನಿ;
"ಇನ್ನೂ ಖಚಿತವಿಲ್ಲ" ಎಂದು ಕೆಳಗೆ.
ಹಾಗೆ ಬರೆದವರ ಮೇಲೆ ಸಿಟ್ಟೂ ಬಂತು, ಗೌರವವೂ.
ಎದ್ದು ನೀರು ಕುಡಿದೆ.
ಕಾಳಿ ಸೇತುವೆಯ ಮೇಲೆ ಒಂದು ಲಾರಿ ಹೋಯಿತು.

ಬೆಳಿಗ್ಗೆ ಸೋಮಾನನ್ನು ಕೇಳಿದೆ:
"ತಡವಾಗಿ ಕತ್ತರಿಸಿದರೆ?"
"ನೀರಲ್ಲಿದ್ದಾಗಲಾ?" ನಕ್ಕ. "ಬಾಂಗಡೆಗೆ ಬಾಗಿಲು ತೆಗದ ಹಾಗೆ."
ಅವನು ಶಾಲೆಗೆ ಹೋದದ್ದು ಎರಡು ಮಳೆಗಾಲ.

ಸಂಜೆ ಆಸ್ಪತ್ರೆಯಿಂದ ಫೋನು: ಮೂವತ್ತಾರು ಸಾವಿರ.
ಅವನು ಏನೂ ಅನ್ನಲಿಲ್ಲ. ಎದ್ದುಹೋಗಿ
ದೋಣಿ ಬಡಗಿಯ ಬೈರಿಗೆ ಕಡ ತಂದು
ಮೊದಲ ಟಯರಿನ ತಳಕ್ಕೆ ತೂತು ಕೊರೆದ.
ಸಿಹಿನೀರು, ಮರಿಗಳ ಸಮೇತ, ಉಪ್ಪಿಗೆ ಸುರಿಯಿತು.
"ಒಟ್ಟು ಎಷ್ಟು ಟಯರು?"
ನನ್ನ ಪಟ್ಟಿಯಲ್ಲಿತ್ತು: ನಾನೂರ ಹನ್ನೆರಡು.
"ಹೂಂ," ಎಂದು ಎರಡನೆಯದಕ್ಕೆ ಸರಿದ.

ಬಲೆ ಅಲ್ಲೇ ಬಿದ್ದಿತ್ತು,
ಮೊಳದಗಲದ ಬಾಯಿ ತೆರೆದು, ಅಂಚು ಚೊಕ್ಕ.
ಸೂಜಿ ಇನ್ನೂ ಅವನ ಕಿವಿಯ ಮೇಲೆ.