ಗುಂಡಿ ನಲವತ್ತೊಂದು

ವಯೋಲಾ ಊರಿನ ಸೇತುವೆ ದಾಟಿ ಎಡಕ್ಕೆ,
ಆರ್ಡಿಸ್ ಹೆಲ್‌ಗೆಸನ್ ಅವರ ಮುಸುಕಿನ ಜೋಳದ ಹೊಲ.
ಫಾರಮಿನ ಮೊದಲ ಮನೆ: ಭೂರೂಪ.
ತುಂಬಬೇಕಾದ್ದು ಸ್ಟ್ರೀಮ್ ಟೆರೇಸ್.
ನನ್ನ ತಲೆಯೊಳಗೆ ಮಾತ್ರ ಅದು ಜಗಲಿ.
ಒಂದು ಕಾಲಕ್ಕೆ ಕಿಕಪೂ ಹೊಳೆ ಇಲ್ಲಿ ಕಾಲು ಚಾಚಿ ಕೂತಿತ್ತು,
ಆಮೇಲೆದ್ದು ಎರಡಾಳು ಕೆಳಗಿನ ಅಂಗಳಕ್ಕಿಳಿಯಿತು.
ಚಾಪೆ ಸುತ್ತಿಡಲಿಲ್ಲ.

ಎದೆಮಟ್ಟದ ಗುಂಡಿಯೊಳಗೆ ನಿಂತು
ಮೊದಲು ಗೋಡೆಯನ್ನು ಚಾಕುವಿನಿಂದ ಕೆದಕುತ್ತೇನೆ.
ಸನಿಕೆ ಸವರಿದ ಮುಖ ನುಣುಪಾಗಿ ಸುಳ್ಳು ಹೇಳುತ್ತದೆ,
ಮುರಿದಲ್ಲಿ ನೋಡಬೇಕು.

ಮೇಲಿನ ಇಪ್ಪತ್ತೆರಡು ಸೆಂಟಿಮೀಟರು ನೇಗಿಲಿನದು.
ಹಿಡಿ ತೆಗೆದು, ಬಾಟಲಿಯ ನೀರು ಚಿಮುಕಿಸಿ
ನಾದುತ್ತೇನೆ, ಹೋಳಿಗೆ ಕಣಕದ ಹದಕ್ಕೆ,
ಹೆಬ್ಬೆರಳಿಂದ ತೋರುಬೆರಳ ಮೇಲೆ ತಳ್ಳುತ್ತೇನೆ:
ಒಂದಂಗುಲಕ್ಕೆ ತುಸು ಕಮ್ಮಿ ನಾಲಿಗೆ ಚಾಚಿ
ತುಂಡಾಗಿ ಬೀಳುತ್ತದೆ.
ಜೇಡಿಯಾಗಿದ್ದರೆ ಇನ್ನೂ ಚಾಚುತ್ತಿತ್ತು,
ಬರೀ ಮರಳಾಗಿದ್ದರೆ ಉಂಡೆಯೇ ಕಟ್ಟುತ್ತಿರಲಿಲ್ಲ.
ಯಾರೂ ನೋಡುತ್ತಿಲ್ಲವೆಂದು ಕಡಲೆಯಷ್ಟು ಬಾಯಿಗೆ:
ಹಲ್ಲಿಗೆ ಕರಕರ, ಅಂಗುಳಿಗೆ ಹಿಟ್ಟು.
ಗೋಡು.
"ರುಚಿ ಹೇಗಿದೆ?" ಮೇಲಿಂದ ಆರ್ಡಿಸ್.
ನೋಡುತ್ತಿದ್ದರು.

ಬಣ್ಣದ ಪುಸ್ತಕದ ಪುಟಗಳಲ್ಲಿ ತೂತುಗಳಿವೆ.
ಬಿಸಿಲು ಹೆಗಲ ಮೇಲಿಂದ ಬೀಳುವಂತೆ ತಿರುಗಿ,
ಒದ್ದೆ ಹೆಂಟೆಯನ್ನು ತೂತಿನ ಹಿಂದೆ ಹಿಡಿದು
ಚೌಕದಿಂದ ಚೌಕಕ್ಕೆ ಸರಿಸುತ್ತೇನೆ,
ಸೀರೆಗೆ ರವಿಕೆ ಕಣ ಹುಡುಕಿದ ಹಾಗೆ.
ಹತ್ತು ವೈ-ಆರ್, ನಾಲ್ಕರ ಮೇಲೆ ಮೂರು. ಕಂದು.
ನಮ್ಮಜ್ಜಿಯಾದರೆ ಬೆಲ್ಲ ಅನ್ನುತ್ತಿದ್ದಳು.
ಯಾವೂರ ಬೆಲ್ಲ ಎಂದು ಆಫೀಸಿನಲ್ಲಿ ಕೇಳುತ್ತಾರೆ.

ಅದರ ಕೆಳಗೆ ಎಳೆ ಎಳೆ:
ಬೆರಳ ದಪ್ಪ ನಸುಗಂದು, ಗೆರೆಯಷ್ಟು ಮರಳು, ಮತ್ತೆ ನಸುಗಂದು.
ಒಂದೊಂದು ಎಳೆಯೂ ಒಂದೊಂದು ನೆರೆ.
ಎಣಿಸಹೋಗಿ ಹತ್ತೊಂಬತ್ತಕ್ಕೆ ತಪ್ಪಿದೆ,
ಅಲ್ಲಿ ಎರೆಹುಳು ಎರಡು ವರ್ಷಗಳನ್ನು ಕಲೆಸಿಟ್ಟಿತ್ತು.

ಎಂಬತ್ತನಾಲ್ಕಕ್ಕೆ ಚಾಕುವಿನ ಸದ್ದು ಬದಲಾಯಿತು.
ಕಪ್ಪು. ಎರಡರ ಮೇಲೆ ಒಂದು, ಪುಟದ ಕಟ್ಟಕಡೆಯ ಚೌಕ.
ಸಾಸಿವೆ ಸಾಸಿವೆಯಾಗಿ ಉದುರುವ
ಯಾವುದೋ ಕಾಲದ ಮೇಲ್ಮಣ್ಣು,
ಅದರ ಮೇಲೆ ಮಲಗಿತ್ತು ತುಕ್ಕುಹಿಡಿದ ಮುಳ್ಳುತಂತಿ.

ಆರ್ಡಿಸ್ ಮಂಡಿ ಹಿಡಿದುಕೊಂಡು ಅಂಚಿಗೆ ಕೂತರು.
"ಅಜ್ಜನ ಬೇಲಿ ಇದು. ಕಳೆದುಹೋಯಿತು ಅನ್ನುತ್ತಿದ್ದ.
ಬೇಲಿ ಹೇಗೆ ಕಳೆಯುತ್ತೆ ಅಂತ ನಾವೆಲ್ಲ ನಗುತ್ತಿದ್ದೆವು."
ಜಗಲಿ ನಾನೆಣಿಸಿದಷ್ಟು ಹಳೆಯದಲ್ಲ.
"ಹಾಗಾದರೆ ಈ ಮೇಲಿನದೆಲ್ಲ?"
ಗುಡ್ಡದತ್ತ ಕೈ ತೋರಿಸಿದೆ. ಇಳಿಜಾರಿನುದ್ದಕ್ಕೂ
ನೆಟ್ಟಗೆ ಉತ್ತ ದಿನಗಳು, ಸಾಲುಸಾಲೇ ಕಾಲುವೆಯಾಗಿ.
"ಅದು ಟಾಲೆಫ್ಸನ್ನರ ಗುಡ್ಡ."
"ಹೌದು."
"ಅಂದರೆ ಎಂಬತ್ತು ವರ್ಷದಿಂದ ನಾವು
ಅವರ ಮಣ್ಣಲ್ಲಿ ಜೋಳ ಬೆಳೀತಿದ್ದೀವಿ."
ಸ್ವಲ್ಪ ಹೊತ್ತು ಗುಡ್ಡವನ್ನೇ ನೋಡಿದರು.
"ಅದನ್ನು ಬರೀಬೇಡ."

ಬರೆಯಲು ಅದಕ್ಕೊಂದು ಮನೆಯೂ ಇಲ್ಲ.
ಮೂಲದ್ರವ್ಯ: ಮೆಕ್ಕಲು. ಅಷ್ಟೆ.
ನಿಯಮವೋ, ಮೇಲೆ ಬಂದು ಬಿದ್ದದ್ದು
ಐವತ್ತು ಸೆಂಟಿಮೀಟರಿಗೆ ಮುಟ್ಟಿದರೆ
ಹೆಸರು ಮೇಲಿನದಕ್ಕೇ ಸಲ್ಲಬೇಕು.
ಕೆಳಗೆ ಸಾವಿರಾರು ವರ್ಷ ಬೇರು ತಿಂದು ಕಪ್ಪಾದದ್ದಕ್ಕೆ
ಬದಿಯಲ್ಲೊಂದು ಪುಟ್ಟ ಬಿ ಅಕ್ಷರ, ಹೂತದ್ದೆಂಬ ಗುರುತು.
ಈ ಕಂದಿಗಿನ್ನೂ ಪುರುಸೊತ್ತಾಗಿಲ್ಲ,
ಜೇಡಿ ತೊಳೆದು ಕೆಳಗಿಳಿದಿಲ್ಲ, ಹೊಸ ಪದರ ಕಟ್ಟಿಲ್ಲ.
ಆದ್ದರಿಂದ ಫ್ಲೂವೆಂಟ್: ಹೊಳೆ ತಂದ ಎಳಸು.
ಕೊನೆಯ ಆ 'ಎಂಟ್' ಅನ್ನು ಪರೀಕ್ಷೆಯ ದಿನಗಳಲ್ಲಿ
ಎಂಟು ದಿನದ ಕೂಸು ಎಂದು ನೆನಪಿಟ್ಟುಕೊಂಡಿದ್ದೆ.

ಸಂಜೆ ಗುಂಡಿ ಮುಚ್ಚಿದೆವು.
ಕಪ್ಪು ಮೊದಲು ಒಳಗೆ, ಆಮೇಲೆ ಕಂದು, ಅದು ಕ್ರಮ.
ಎಲ್ಲ ತುಂಬಿದ ಮೇಲೂ ಟಾರ್ಪಾಲಿನ ಮಡಿಕೆಯಲ್ಲಿ
ಎರಡು ಬೊಗಸೆ ಕಪ್ಪು ಉಳಿದಿತ್ತು.
ಆರ್ಡಿಸ್ ಅದನ್ನು ಕಾಫಿ ಡಬ್ಬಕ್ಕೆ ಬಾಚಿಕೊಂಡರು,
ಯಾಕೆಂದು ನಾನು ಕೇಳಲಿಲ್ಲ.
ತಂತಿಯನ್ನು ಮಾತ್ರ ಆಗಲೇ ಒಳಗೆ ಹಾಕಿಸಿದ್ದರು,
ಎಂಬತ್ತನಾಲ್ಕಕ್ಕೆ ಸರಿಯಾಗಿ,
ಟೇಪು ತಾವೇ ಹಿಡಿದು.