ಬಕ್ರಂ

ಮಡಗಾಂವ್, ಹಳೇ ಮಾರ್ಕೆಟ್ಟಿನ ಹಿಂದೆ, ಮೂರನೇ ಅಂಗಡಿ.
ಎರ್ಮೆಲಿಂದಾಬಾಯಿ ಕೋಟು ತಂದಿದ್ದಾಳೆ, ಪೇಪರಿನಲ್ಲಿ ಸುತ್ತಿ,
ಬಿಚ್ಚಿದರೆ ಡಾಂಬರು ಗುಳಿಗೆಯ ವಾಸನೆ.
ಗಂಡ ತೊಟ್ಟದ್ದು: ಮದುವೆಗಳಿಗೆ, ಈಸ್ಟರಿಗೆ,
ಬ್ಯಾಂಕಿನ ಬೀಳ್ಕೊಡುಗೆಗೆ.
ಈಗ ತಂಗಿಯ ಮಗನಿಗೆ ಬೇಕು, ಬರುವ ಶನಿವಾರ ಅವನೇ ಮದುಮಗ.
"ತೋಳು ಉದ್ದ ಮಾಡು. ಎದೆಗೆ ಹೊಸ ಬಕ್ರಂ ಹಾಕು,
ಅದೇ, ಅಂಟಿಸುವುದು. ಇಸ್ತ್ರಿ ಒತ್ತಿದರೆ ಮುಗೀತಲ್ಲ?"

ಮುಗೀತದ, ಬಾಯಿ. ಹತ್ತು ನಿಮಿಷ.
ಮೂರು ಮಳೆಗಾಲಕ್ಕೆ ಅಂಟು ಬಿಟ್ಟು
ಎದೆ ತುಂಬ ಗುಳ್ಳೆ ಏಳುತ್ತವೆ, ಸುಟ್ಟ ಹಪ್ಪಳದ ಹಾಗೆ.
ಅದನ್ನು ನಾನು ಹೇಳಲಿಲ್ಲ. ಹೊಟ್ಟೆಪಾಡು.

ರಾತ್ರಿ ಬ್ಲೇಡು ಹಿಡಿದು ಅಸ್ತರು ಬಿಚ್ಚಿದೆ.
ಒಳಗೆ ಕುದುರೆಕೂದಲಿನ ಕ್ಯಾನ್ವಾಸು, ಬೆಲ್ಲದ ಬಣ್ಣ,
ಮಡಚಿ ಬಿಟ್ಟರೆ ಎದ್ದು ನಿಲ್ಲುವ ಹಟಮಾರಿ.
ಇದನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಬೇಕು,
ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ ಅಂತ.
ಕೈತಾನ್ ಮೇಸ್ತ ಅನ್ನುತ್ತಿದ್ದ:
ಮೈಮೇಲೆ ಕುಗ್ಗಿದರೆ ಗಿರಾಕಿ ಬೈತಾನೆ,
ಬಕೆಟ್ಟಿನಲ್ಲಿ ಕುಗ್ಗಿದರೆ ಬಕೆಟ್ಟು ಸುಮ್ಮನಿರುತ್ತೆ.

ಹಾನಗಲ್ಲಿನಿಂದ ಬಂದವಳು ನಾನು, ಹದಿನೇಳು ವರ್ಷ,
ಅವ್ವನ ಜೊತೆ ಕೌದಿಗೆ ಕೂತ ಕೈ: ಚುಚ್ಚು, ಎಳೆ, ಚುಚ್ಚು, ಎಳೆ.
ಇಲ್ಲಿ ಎಳೆದರೆ ತಪ್ಪು.
ಸೂಜಿ ಮೇಲಿನ ಬಟ್ಟೆಯ ಒಂದೇ ಎಳೆ ಹಿಡಿಯಬೇಕು,
ಹಿಡಿದದ್ದು ಆ ಬದಿಗೆ ಗೊತ್ತಾಗಬಾರದು.
ಹೊಲಿಯುತ್ತಲೇ ಬಟ್ಟೆಯನ್ನು ಎಡಗೈ ಬೆರಳ ಮೇಲೆ ಬಗ್ಗಿಸಿ
ಬಾಗುವುದನ್ನು ಅದಕ್ಕೆ ಕಲಿಸಬೇಕು.

ಒಂದು ಕೋಟಿನ ಎಡ ಮಡಿಕೆ ನನಗೆ ಕೊಟ್ಟ.
ಬಿಗಿದೆ. ಸುರುಟಿತು, ಒಣಮೆಣಸಿನಕಾಯಿ ಥರ.
ಮೇಸ್ತ ನೋಡಿದ. ಕನ್ನಡಕ ಒರೆಸಿದ.
ಮರುದಿನ ಹೇಳಿದ: ಬಿಚ್ಚಿ ನಾನೇ ಹೊಲಿದೆ, ನೀನು ಕಾಜು ಮಾಡು.
ಎಂಟು ತಿಂಗಳು ಬರೀ ಕಾಜು.

ಇಲ್ಲಿ, ಬಲಗಡೆ, ಅವನ ಹೊಲಿಗೆ.
ತೆನೆಯಲ್ಲಿ ಕಾಳು ಕೂತ ಹಾಗೆ ಸಾಲು.
ಎಡಗಡೆ...
ದೀಪ ಹತ್ತಿರ ಎಳೆದುಕೊಂಡೆ.
ಕೌದಿ.
ನೆಟ್ಟಗೆ, ಬಿಗಿ, ನಡುವೆ ಬಿಳಿ ದಾರ ಮುಗಿದಲ್ಲಿ
ಅವ್ವನ ಡಬ್ಬಿಯ ಹಸಿರು ದಾರ.
ಬಿಚ್ಚಿರಲೇ ಇಲ್ಲ.
ಒದ್ದೆ ಬಟ್ಟೆ ಹಾಸಿ, ಹಬೆ ಕೊಟ್ಟು, ಒತ್ತಿ ಒತ್ತಿ ಒಗ್ಗಿಸಿದ್ದ.

ಇಪ್ಪತ್ತೆರಡು ವರ್ಷ
ಒಬ್ಬ ಮನುಷ್ಯ ನನ್ನ ತಪ್ಪು ಎದೆಯ ಮೇಲೆ ಹೊತ್ತು
ಕೇಕು ತಿಂದಿದ್ದಾನೆ, ಕುಣಿದಿದ್ದಾನೆ, ಫೋಟೋಕ್ಕೆ ನಿಂತಿದ್ದಾನೆ.
ಎಡ ಮಡಿಕೆ ಕೂದಲೆಳೆಯಷ್ಟು ಎದ್ದಿರಬೇಕು.
ಅಲ್ಲೇ ಹೂ ಸಿಕ್ಕಿಸಿಕೊಂಡಿರಬೇಕು.

ಯಾಕೆ ಸುಳ್ಳು ಹೇಳಿದೆ ಅಂತ ಕೇಳೋಣವೆಂದರೆ
ಮೇಸ್ತ ಕುಡ್ತರಿಯ ಇಗರ್ಜಿಯ ಹಿಂದೆ ಮಲಗಿದ್ದಾನೆ,
ಮಗ ಕುವೈತಿನಿಂದ ತಂದ ರೆಡಿಮೇಡ್ ಕೋಟಿನಲ್ಲಿ.

ಬೆಳಿಗ್ಗೆ ಬಾಯಿಗೆ ಚೀಟಿ ಬರೆದೆ:
ಅಸ್ತರು ಹೊಸದು. ತೋಳು ಮುಕ್ಕಾಲು ಇಂಚು ಇಳಿಸಿದೆ.
ಬಕ್ರಂ ಗಟ್ಟಿ ಇದೆ, ಮುಟ್ಟಿಲ್ಲ.
ಅದಕ್ಕೆ ದುಡ್ಡಿಲ್ಲ.